ಎಲ್ಲರ ಹಜಾರ್ಡ್, ಯಾರಿಗೂ ಬೇಡದ ಮಹ್ರೆಜ್

2015ರ ಆಗಸ್ಟ್‌ನಲ್ಲಿ ಫ್ಯಾಂಟಸಿ ಪ್ರೀಮಿಯರ್ ಲೀಗ್‌ಗೆ ತಂಡ ಕಟ್ಟಲು ಕೂತಾಗ ನಾನು ಆಟ ನೋಡಲಿಲ್ಲ, ಜನರನ್ನು ನೋಡಿದೆ. ಎಲ್ಲರ ಬಾಯಲ್ಲೂ ಈಡನ್ ಹಜಾರ್ಡ್. ಹಿಂದಿನ ಸೀಸನ್‌ನಲ್ಲಿ ಚೆಲ್ಸಿ ಚಾಂಪಿಯನ್, ಇವನು ವರ್ಷದ ಆಟಗಾರ. 'ಇವನನ್ನ ಬಿಟ್ರೆ ಕೆಟ್ಟೆ' ಅಂದ್ಕೊಂಡು ದುಬಾರಿ ಬೆಲೆ ತೆತ್ತು ತಗೊಂಡೆ.

ಲೀಗ್‌ನಲ್ಲಿ ಅವನ ಮೊದಲ ಗೋಲು ಬಂದದ್ದು 2016ರ ಏಪ್ರಿಲ್‌ನಲ್ಲಿ! ಚೆಲ್ಸಿ 10ನೇ ಸ್ಥಾನಕ್ಕೆ ಜಾರಿತು. ಬರೀ 5.5 ಮಿಲಿಯನ್ ಪೌಂಡ್‌ಗೆ ಸಿಗ್ತಿದ್ದ ರಿಯಾದ್ ಮಹ್ರೆಜ್ 17 ಗೋಲು ಹೊಡೆದ. ಅವನ ಲೆಸ್ಟರ್ ಪ್ರಶಸ್ತಿ ಗೆದ್ದಿತು. ಗೆಳೆಯರ ಪೈಕಿ ನಾನು ಕೊನೆಯವನು.

ಗುಂಪಿಗೆ ಗೊತ್ತಿದ್ದದ್ದು ಹೋದ ವರ್ಷದ ಚರಿತ್ರೆ. ಅಂಕ ಸಿಗೋದು ಈ ವರ್ಷದ ಆಟಕ್ಕೆ. ಅಷ್ಟಕ್ಕೂ, ಎಲ್ಲರ ತಂಡದಲ್ಲೂ ಇರೋ ಆಟಗಾರ ಮಿಂಚಿದರೂ ನಾವು ಯಾರನ್ನು ತಾನೇ ಹಿಂದಿಕ್ಕೋದು?