ಚಿತ್ರಕ್ಕೆ ಸಿಕ್ಕವು, ಸಿಗದವು: ಕಪ್ಪೆ, ಹಲ್ಲಿ, ಹಾವುಗಳ ಚಿತ್ರಣದ ಎರಡು ಶತಮಾನ

ಮಳೆಗಾಲ ಶುರುವಾದರೆ ಸಾಕು, ಪುರವಣಿಗಳಲ್ಲೂ ಛಾಯಾಚಿತ್ರ ಪ್ರದರ್ಶನಗಳಲ್ಲೂ ‘ಪಶ್ಚಿಮ ಘಟ್ಟದ ಜೀವವೈವಿಧ್ಯ’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಅದರಡಿ ಬರುವ ಪ್ರಾಣಿಗಳೂ ಹೆಚ್ಚುಕಡಿಮೆ ಗೊತ್ತಿದ್ದವೇ. ಪಾಚಿ ಕಟ್ಟಿದ ಕೊಂಬೆಯ ಮೇಲೆ ಸುರುಳಿ ಸುತ್ತಿದ ಮಲಬಾರ್ ಗುಳಿಮಂಡಲ, ಮೂತಿ ಚೂಪು ಮಾಡಿಕೊಂಡು ನೋಡುವ ಹಸಿರುಹಾವು, ಕೆಂಪು ಜಾಲಪಾದ ಹರಡಿದ ಹಾರುವ ಕಪ್ಪೆ, ಗಂಟಲ ಚೀಲ ಉಬ್ಬಿಸಿ ಕೂಗುವ ಪೊದೆಗಪ್ಪೆ, ಕೊನೆಗೊಂದು ಹೆಡೆ ಎತ್ತಿದ ಕಾಳಿಂಗ. ಹಿನ್ನೆಲೆ ಕಪ್ಪು, ಕಣ್ಣಿನಲ್ಲಿ ಫ್ಲ್ಯಾಶಿನ ಹೊಳಪು. ನೋಡಿದವರು ವೈವಿಧ್ಯವನ್ನೇ ಕಂಡೆವೆಂದು ಹೊರಡುತ್ತಾರೆ. ಭಾರತದಲ್ಲಿ 450ಕ್ಕೂ ಹೆಚ್ಚು ಉಭಯಚರ ಪ್ರಭೇದಗಳಿವೆ, ಹಾವುಗಳೇ 300ನ್ನು ಮೀರುತ್ತವೆ. ಹತ್ತು ಚೆಲುವ ಪ್ರಾಣಿಗಳ ಸಾವಿರ ಫೋಟೊ ಸೇರಿಸಿ ಅದನ್ನು ವೈವಿಧ್ಯ ಎನ್ನುವ ಈ ಹೊಸ ರೂಢಿಯೇ ಈ ಲೇಖನಕ್ಕೆ ಕಾರಣ. ಇವುಗಳ ಚಿತ್ರಣ ನಮ್ಮಲ್ಲಿ ಹೇಗೆ ಬೆಳೆಯಿತು, ಯಾವುದು ಚಿತ್ರಕ್ಕೆ ಸಿಕ್ಕಿತು, ಯಾವುದು ಹೊರಗೇ ಉಳಿಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬಹುದು.

ಮೊದಲ ಘಟ್ಟ ಕಂಪನಿ ಕಾಲದ ವೈದ್ಯರದು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು 1796ರಲ್ಲಿ ಹೊರತಂದ. ವಿಷದ ಹಾವು ಯಾವುದು, ಸಾದಾ ಯಾವುದು ಎಂದು ಜನ ಗುರುತಿಸುವಂತಾಗಬೇಕು ಎನ್ನುವುದು ಅವನ ಉದ್ದೇಶ. ಹಾಗಾಗಿ ಚಿತ್ರಗಳ ಜೊತೆ ಅಲ್ಲಿನವರು ಕರೆಯುವ ತೆಲುಗು ಹೆಸರುಗಳನ್ನೂ ಅಚ್ಚುಹಾಕಿಸಿದ. ನಮ್ಮ ಕೊಳಕುಮಂಡಲಕ್ಕೆ ವಿಜ್ಞಾನದಲ್ಲಿ ಇವನ ಹೆಸರೇ ಅಂಟಿಕೊಂಡಿದೆ. ಈ ಹಾವುಗಳನ್ನು ಕಣ್ಣಾರೆ ಕಾಣದ ಯುರೋಪಿನ ಪಂಡಿತರು ರಸೆಲನ ಚಿತ್ರಗಳನ್ನೇ ನೋಡಿ ಕೆಲವು ಪ್ರಭೇದಗಳಿಗೆ ಹೆಸರಿಟ್ಟರು. ಹಾವಿನ ಪರವಾಗಿ ಚಿತ್ರವೇ ಸಾಕ್ಷಿ ನುಡಿದ ಕಾಲ ಅದು.

ಆಮೇಲೆ ಬಂದ ಹಾರ್ಡ್‌ವಿಕ್ ಮತ್ತು ಗ್ರೇ ಅವರ ಸಂಪುಟಗಳು (1830–35), 1864ರಲ್ಲಿ ಆಲ್ಬರ್ಟ್ ಗುಂಥರ್ ಬರೆದ ಬ್ರಿಟಿಷ್ ಭಾರತದ ಸರೀಸೃಪಗಳ ಗ್ರಂಥ, ಇವೆಲ್ಲ ವಸ್ತುಸಂಗ್ರಹಾಲಯದ ಮೇಜಿನ ಮೇಲಿನ ಕೆಲಸ. ಗುಂಥರನಿಗೆ ಚಿತ್ರ ಬರೆದುಕೊಟ್ಟ ಫೋರ್ಡ್ ಅಸಾಧಾರಣ ಕಲಾವಿದ. ಒಂದೊಂದು ಹುರುಪೆಯ ಅಂಚೂ ಅವನ ಕಲ್ಲಚ್ಚಿನಲ್ಲಿ ಎಣಿಸುವಷ್ಟು ಸ್ಪಷ್ಟ. ಆದರೆ ಅವನೆದುರು ಇದ್ದದ್ದು ಸ್ಪಿರಿಟ್ಟಿನಲ್ಲಿ ಮುಳುಗಿಸಿದ ಹಾವು. ಹಾವಿನ ಹಸಿರು ಒಂದೇ ಬಣ್ಣದಿಂದ ಆದದ್ದಲ್ಲ. ಚರ್ಮದ ರಚನೆಯಿಂದ ಮೂಡುವ ನೀಲಿಯ ಮೇಲೆ ಹಳದಿ ವರ್ಣದ್ರವ್ಯ ಸೇರಿ ನಮಗೆ ಹಸಿರಾಗಿ ಕಾಣುತ್ತದೆ. ಸ್ಪಿರಿಟ್ಟಿನಲ್ಲಿ ಹಳದಿ ಕರಗಿಹೋಗುತ್ತದೆ, ನೀಲಿ ಉಳಿಯುತ್ತದೆ. ಹಳೆಯ ಸಂಗ್ರಹಗಳ ಜಾಡಿಗಳಲ್ಲಿ ಹಸಿರುಹಾವು ನೀಲಿಬೂದು ಬಣ್ಣಕ್ಕೆ ತಿರುಗಿರುವುದನ್ನು ಇಂದಿಗೂ ನೋಡಬಹುದು. ಈ ದೃಷ್ಟಿಯಿಂದ ಜೋಸೆಫ್ ಫೇರರ್ 1872ರಲ್ಲಿ ಪ್ರಕಟಿಸಿದ ವಿಷದ ಹಾವುಗಳ ಗ್ರಂಥಕ್ಕೆ ನಾನು ಮೇಲಿನ ಸ್ಥಾನ ಕೊಡುತ್ತೇನೆ. ಅದರ ಚಿತ್ರಗಳನ್ನು ಜೀವಂತ ಹಾವುಗಳನ್ನು ನೋಡಿ ಬರೆದವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ನಮ್ಮವರೇ. ಅನ್ನದಾಪ್ರಸಾದ ಬಾಗ್ಚಿ ಅವರಲ್ಲೊಬ್ಬರು. ಪುಸ್ತಕ ಫೇರರನದೆಂದು ಪ್ರಸಿದ್ಧವಾಯಿತು, ಅದು ಬೇರೆ ಮಾತು.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಸೇನಾ ವೈದ್ಯ ಫ್ರಾಂಕ್ ವಾಲ್ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸಾಮಾನ್ಯ ಹಾವುಗಳ ಬಗ್ಗೆ ವರ್ಷಗಟ್ಟಲೆ ಸರಣಿ ಬರೆದ. ಬಣ್ಣದ ಫಲಕದ ಪಕ್ಕದಲ್ಲೇ ತಲೆಯ ಹುರುಪೆಗಳ ರೇಖಾಚಿತ್ರ ಕೊಡುವ ಅವನ ಕ್ರಮ ಇಂದಿಗೂ ಮಾದರಿ. ಆಮೇಲೆ ಬಂದ ಮಾಲ್ಕಂ ಸ್ಮಿತ್ತನ ಸಂಪುಟಗಳು ವಿದ್ವತ್ತಿನಲ್ಲಿ ದೊಡ್ಡವು, ಚಿತ್ರದಲ್ಲಿ ಬಡವು.

ಈ ಇತಿಹಾಸ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರ ಕ್ಯಾಮೆರಾ ಯುಗಕ್ಕೆ ಹಾರುತ್ತಾರೆ. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವೊಂದಿತ್ತು, ಅಲ್ಲಿ ಸಿ.ಆರ್. ನಾರಾಯಣರಾವ್ ಎಂಬವರಿದ್ದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರೆಂದು ಅವರನ್ನು ನೆನೆಯುವವರಿದ್ದಾರೆ, ಕಪ್ಪೆಗಳಿಗಾಗಿ ನೆನೆಯುವವರು ಕಡಿಮೆ. ವಿದೇಶಿ ವಿದ್ವಾಂಸರು ಲಂಡನ್ನಿನಲ್ಲಿ ಕೂತು ನಮ್ಮ ಕಪ್ಪೆಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ರಾವ್ ಅವರು ಮಲೆನಾಡಿನ ಹೊಳೆ, ಜೌಗುಗಳ ಕಪ್ಪೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದರು. 1937ರಲ್ಲಿ ದಕ್ಷಿಣ ಭಾರತದ ಕಪ್ಪೆಗಳ ಹೊಸ ಪ್ರಭೇದಗಳನ್ನು ಒಂದೇ ಲೇಖನದಲ್ಲಿ ಸಾಲಾಗಿ ವಿವರಿಸಿದರು. ಕೆಂಪುಹೊಳೆ, ಕೊಟ್ಟಿಗೆಹಾರ ಎಂಬ ನಮ್ಮ ಊರುಗಳ ಹೆಸರು ಕಪ್ಪೆಗಳ ಲ್ಯಾಟಿನ್ ಹೆಸರಿನೊಳಗೆ ಸೇರಿದ್ದು ಆಗಲೇ. ದುರದೃಷ್ಟವೆಂದರೆ ಅವರು ಕಾಲೇಜಿನಲ್ಲಿ ಇರಿಸಿದ್ದ ಮೂಲ ಮಾದರಿಗಳು ಕಳೆದುಹೋದವು. ಉಳಿದದ್ದು ಅಚ್ಚಾದ ವಿವರಣೆ ಮತ್ತು ಚಿತ್ರ ಮಾತ್ರ. ಅವನ್ನೇ ಕೈಯಲ್ಲಿ ಹಿಡಿದು, ಅವರು ಹೇಳಿದ ಜಾಗಗಳಿಗೇ ಮತ್ತೆ ಹೋಗಿ, ಇದೇ ಆ ಕಪ್ಪೆಯೋ ಎಂದು ಹೊಂದಿಸಿ ನೋಡಬೇಕಾದ ಪಾಡು ಮುಂದಿನ ಪೀಳಿಗೆಗೆ ಬಂತು. ಕೂಗಿನ ದಾಖಲೆಯಂತೂ ಆ ಕಾಲಕ್ಕೆ ದೂರದ ಮಾತು. ಒಂದು ಮಾದರಿ ಜಾಡಿಯನ್ನು ಜೋಪಾನ ಮಾಡದಿದ್ದುದರ ಬೆಲೆಯನ್ನು ಈ ಕ್ಷೇತ್ರ ದಶಕಗಳ ಕಾಲ ತೆತ್ತಿದೆ. 2010ರಲ್ಲಿ ಗೊದಮೊಟ್ಟೆಯ ಹಂತವಿಲ್ಲದೆ ಮೊಟ್ಟೆಯಿಂದಲೇ ಮರಿಕಪ್ಪೆಯಾಗಿ ಹೊರಬರುವ ನಮ್ಮ ಪೊದೆಗಪ್ಪೆಗಳ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರ ಹೆಸರಿಟ್ಟರು. ತಡವಾಗಿ ಸಂದ ಗೌರವ, ಆದರೂ ಸರಿಯಾದ ಗೌರವ.

ಸ್ವಾತಂತ್ರ್ಯಾನಂತರ ಜೆ.ಸಿ. ಡೇನಿಯಲ್ ಪಶ್ಚಿಮ ಭಾರತದ ಉಭಯಚರಗಳ ಕ್ಷೇತ್ರ ಕೈಪಿಡಿಯನ್ನು ಕಂತುಗಳಲ್ಲಿ ಬರೆದರು. 1978ರಲ್ಲಿ ರೋಮುಲಸ್ ವಿಟೇಕರ್ ಅವರ ಸಾಮಾನ್ಯ ಹಾವುಗಳ ಕೈಪಿಡಿ ಬಂತು. ಇವು ಚೀಲದಲ್ಲಿಟ್ಟುಕೊಂಡು ಕಾಡಿಗೆ ಒಯ್ಯಬಹುದಾದ ಪುಸ್ತಕಗಳು. ಸ್ಲೈಡ್ ಫಿಲ್ಮಿನ ಆ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ತೊಳೆದು ಬರುವತನಕ ಕಪ್ಪೆ ಫೋಕಸ್ಸಿನಲ್ಲಿದೆಯೋ ಇಲ್ಲವೋ ತಿಳಿಯದು. ಹಾಗಾಗಿ ತೆಗೆಯುವ ಮೊದಲು ಜನ ತುಂಬ ಹೊತ್ತು ನೋಡುತ್ತಿದ್ದರು. ಆ ನೋಟದ ಫಲ 2004ರ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ ಭಾರತದ ಹಾವುಗಳ ಕೈಪಿಡಿಯಲ್ಲಿದೆ. ಹುರುಪೆಗಳ ಲೆಕ್ಕವನ್ನೂ ಜೀವಂತ ಹಾವಿನ ಬಣ್ಣದ ಫೋಟೊವನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿದ ಈ ಕೃತಿಯನ್ನು ಮೀರಿಸುವುದು ಸುಲಭವಲ್ಲ.

ಕನ್ನಡದಲ್ಲಿ ಈ ಲೋಕಕ್ಕೆ ಬಾಗಿಲು ತೆರೆದದ್ದು ಫೋಟೊ ಅಲ್ಲ, ಕಾದಂಬರಿ. ತೇಜಸ್ವಿಯವರ 1980ರ ‘ಕರ್ವಾಲೊ’ ಓದಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರಲ್ಲಿ ಎಷ್ಟೋ ಜನ ಮುಂದೆ ಕ್ಯಾಮೆರಾ ಹಿಡಿದರು. ತೇಜಸ್ವಿಯವರು ಬದುಕಿದ ಮೂಡಿಗೆರೆ ಸೀಮೆಯ ಕೊಟ್ಟಿಗೆಹಾರದ ಹೆಸರನ್ನೇ ರಾವ್ ಅವರ ಕಪ್ಪೆಯೊಂದು ಹೊತ್ತಿದೆ. ತೊರೆಯ ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ಬೀಸುವ ಈ ‘ಕುಣಿಯುವ ಕಪ್ಪೆ’ಗಳಲ್ಲಿ ಹದಿನಾಲ್ಕು ಹೊಸ ಪ್ರಭೇದಗಳನ್ನು 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ವಿವರಿಸಿದರು.

ನಮ್ಮ ಕಾಲದ ಮುಖ್ಯ ಬದಲಾವಣೆಯೂ ಅಲ್ಲೇ ಇದೆ. ಬದಲಾದದ್ದು ಕ್ಯಾಮೆರಾ ಮಾತ್ರವಲ್ಲ, ಚಿತ್ರದಿಂದ ನಾವು ಕೇಳುವ ಪ್ರಶ್ನೆಯೇ ಬದಲಾಯಿತು. ಇದಕ್ಕೆ ಒಳ್ಳೆಯ ಉದಾಹರಣೆ ಉತ್ತರ ಕನ್ನಡದ ಕುಂಬಾರ ಕಪ್ಪೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ವಿವರಿಸಿದರು. ಸಿದ್ದಾಪುರದ ಕತ್ತಲೆಕಾನಿನಂಥ ಜೌಗು ಕಾಡಿನ ತೊರೆಗಳಲ್ಲಿ ರಾತ್ರಿ ಹೊತ್ತು ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಬಳಿಕ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹೊಳೆಯ ಕೆಸರು ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆಗೆ ಮಣ್ಣು ಬಳಿಯುವ ಹಾಗೆಯೇ. ಇದರ ಒಂದು ಸುಂದರ ಸ್ಟಿಲ್ ಫೋಟೊ ತೆಗೆದಿಟ್ಟಿದ್ದರೆ ಅದು ಕಂದು ಬಣ್ಣದ ಇನ್ನೊಂದು ಇರುಳುಗಪ್ಪೆ, ಅಷ್ಟೇ. ರಾತ್ರಿಯಿಡೀ ಕೂತು ನೋಡಿದ್ದರಿಂದಲೇ ಅದು ಕುಂಬಾರನಾಯಿತು. 2012ರಲ್ಲಿ ಬಂದ ಗುರುರಾಜರ ಪಶ್ಚಿಮ ಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿಯೂ ಇದೇ ಮನೋಭಾವದ್ದು.

ಮಂಗಳೂರಿನ ಕಡೆ ಆದ ಕೆಲಸವೂ ಇದೇ ತೂಕದ್ದು, ಆದರೆ ಪ್ರದರ್ಶನಗಳಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಗದ್ದೆಯ ಬದುವಿನಲ್ಲಿ ನೆಗೆಯುವ ಸಾಮಾನ್ಯ ಕಪ್ಪೆಗಳನ್ನು ಜಪಾನಿನ ಸಂಶೋಧಕರ ಜೊತೆ ಪರೀಕ್ಷಿಸಿದಾಗ 2007ರಲ್ಲಿ ಕುದುರೆಮುಖದ ಹೆಸರಿನದೂ, ಮಡಿಕೇರಿಯನ್ನು ಕಟ್ಟಿಸಿದ ಮುದ್ದುರಾಜನ ಹೆಸರಿನದೂ ಸೇರಿದಂತೆ ಹೊಸ ಪ್ರಭೇದಗಳು ಹೊರಬಂದವು. 2016ರಲ್ಲಿ ಮಣಿಪಾಲದ ಸುತ್ತಿನ ಮುರಕಲ್ಲಿನ ನೆಲದಲ್ಲಿ, ಉದ್ದ ಎರಡು ಸೆಂಟಿಮೀಟರೂ ಇಲ್ಲದ ಪುಟ್ಟ ಕಪ್ಪೆಯೊಂದಕ್ಕೆ ಆ ಕಲ್ಲಿನ ಹೆಸರೇ ಬಂತು. ಪಾಳುಭೂಮಿ ಎಂದು ಸರ್ಕಾರಿ ಕಡತಗಳಲ್ಲಿ ದಾಖಲಾಗುವ ಇಂಥ ಮುರಕಲ್ಲಿನ ಬಯಲುಗಳಲ್ಲಿ ಏನಿದೆ ಎನ್ನುವವರಿಗೆ ಆ ಹೆಸರೇ ಉತ್ತರ.

ಇಷ್ಟಾದರೂ ಒಂದು ತಪ್ಪು ತಿಳಿವಳಿಕೆ ಈಗ ಜೋರಾಗಿದೆ. ಮೊಬೈಲು, ಮ್ಯಾಕ್ರೊ ಲೆನ್ಸುಗಳಿಂದಲೇ ಹೊಸ ಪ್ರಭೇದಗಳು ಹೆಚ್ಚುತ್ತಿವೆ, ಚೆನ್ನಾಗಿ ಫೋಟೊ ತೆಗೆದರೆ ಆ್ಯಪ್ ಹೆಸರು ಹೇಳಿಬಿಡುತ್ತದೆ ಎನ್ನುವುದು. ನಿಜ ಹಾಗಿಲ್ಲ. ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ, ಬೂದು ಎಂದು ಹಲವು ವೇಷದಲ್ಲಿ ಬರುತ್ತದೆ. ಅಷ್ಟೂ ಒಂದೇ ಪ್ರಭೇದ. ಅತ್ತ, ನೋಡಲು ಒಂದೇ ಥರ ಇರುವ ಎರಡು ಪೊದೆಗಪ್ಪೆಗಳು ಬೇರೆಬೇರೆ ಆಗಿರಬಹುದು. ಅವನ್ನು ಬೇರ್ಪಡಿಸುವುದು ಕೂಗು, ಮತ್ತು ಡಿಎನ್‌ಎ. ನನ್ನ ಮಟ್ಟಿಗೆ ಈ ಎರಡು ದಶಕಗಳ ಅತಿ ಮುಖ್ಯ ಕಪ್ಪೆಯ ‘ಚಿತ್ರ’ವೆಂದರೆ ಕೂಗಿನ ಧ್ವನಿಚಿತ್ರ. ಕಾಗದದ ಮೇಲೆ ಸಾಲು ಸಾಲು ಕಪ್ಪು ಗೆರೆ. ಅದನ್ನು ಯಾರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲ.

ಬೆಂಗಳೂರಿನ ಕಲ್ಲುಬಂಡೆಯ ಓತಿಕೇತವನ್ನೇ ತೆಗೆದುಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಅವರ ತಂಡ ಅಧ್ಯಯನ ಮಾಡಿದಂತೆ, ಹೆಣ್ಣು ಎದುರಾದರೆ ಗಂಡಿನ ಬೆನ್ನು ಕೆಂಪೇರಿ ಪಕ್ಕ ಕಪ್ಪಾಗುತ್ತದೆ. ಮತ್ತೊಂದು ಗಂಡು ಬಂದರೆ ಬೆನ್ನು ಹಳದಿಗೂ ಪಕ್ಕ ಕಿತ್ತಳೆಗೂ ತಿರುಗುತ್ತದೆ. ಎಲ್ಲ ಕೆಲವೇ ಸೆಕೆಂಡಿನ ಆಟ. ಒಂದು ಫೋಟೊ ನೋಡಿ ಓತಿಕೇತದ ಬಣ್ಣ ಇಂಥದ್ದು ಎನ್ನುವುದು ಹೇಗೆ?

ಹಾವುಗಳಲ್ಲೂ ಇದೇ ಕಥೆ. ಎಲ್ಲರ ಬಳಿಯೂ ಫೋಟೊ ಇದ್ದ ಹಸಿರುಹಾವನ್ನು 2020ರಲ್ಲಿ ಅಶೋಕ್ ಮಲ್ಲಿಕ್ ಮತ್ತು ಸಂಗಡಿಗರು ಬಿಡಿಸಿ ನೋಡಿದಾಗ, ನಾವು ಇಟ್ಟುಕೊಂಡಿದ್ದ ಹಳೆಯ ಹೆಸರು ಶ್ರೀಲಂಕಾದ ಹಾವಿಗೆ ಸೀಮಿತವಾಯಿತು. ನಮ್ಮ ಬಯಲಿನದು ಬೇರೆ, ಘಟ್ಟದವು ಹಲವು. ಕ್ಯಾಂಟರ್ 1836ರಲ್ಲಿ ವಿವರಿಸಿದ ಮೇಲೆ ಒಂದೇ ಎಂದುಕೊಂಡಿದ್ದ ಕಾಳಿಂಗ ಸರ್ಪ 2024ರಲ್ಲಿ ನಾಲ್ಕಾಯಿತು. ಗೌರಿಶಂಕರ್ ಮತ್ತು ಸಂಗಡಿಗರ ಆ ಲೇಖನದಲ್ಲಿ ಪಶ್ಚಿಮ ಘಟ್ಟದ ಹಾವಿಗೆ ನಮ್ಮ ಹೆಸರೇ ದಕ್ಕಿತು, ‘ಕಾಳಿಂಗ’. ಮೈಮೇಲಿನ ಪಟ್ಟೆಗಳ ಎಣಿಕೆ, ಪಟ್ಟೆಯ ಅಂಚಿನಲ್ಲಿ ಕಪ್ಪಿದೆಯೇ ಇಲ್ಲವೇ ಎಂಬಂಥ ಗುರುತುಗಳು ಅಲ್ಲಿ ಲೆಕ್ಕಕ್ಕೆ ಬಂದವು. ಹೆಡೆಯನ್ನು ಮಾತ್ರ ಚೌಕಟ್ಟಿನಲ್ಲಿ ತುಂಬಿಸಿದ ನಮ್ಮ ಸಾವಿರಾರು ಫೋಟೊಗಳಲ್ಲಿ ಆ ಪಟ್ಟೆಗಳೇ ಇಲ್ಲ.

ಇನ್ನು ಚಿತ್ರಕ್ಕೆ ಸಿಗದವರ ಮಾತು. ಗೊದಮೊಟ್ಟೆಗಳನ್ನು ಕೇಳುವವರಿಲ್ಲ. ತೊರೆಯ ಕಲ್ಲಿಗೆ ಬಾಯಿಂದ ಕಚ್ಚಿ ನಿಲ್ಲುವ ಗೊದಮೊಟ್ಟೆಗೂ ಕೆರೆಯ ಗೊದಮೊಟ್ಟೆಗೂ ಇರುವ ಅಂತರ ಬೆಳೆದ ಕಪ್ಪೆಗಳ ನಡುವಿನ ಅಂತರಕ್ಕಿಂತ ಕಡಿಮೆಯೇನಲ್ಲ. ಕಾಲಿಲ್ಲದ ಉಭಯಚರ ಸಿಸಿಲಿಯನ್ ತೋಟದ ಮಣ್ಣು ಅಗೆಯುವಾಗ ಸಿಕ್ಕರೆ ಹಾವಿನ ಮರಿಯೆಂದು ಕೊಲ್ಲುತ್ತಾರೆ. ಬಾಲದ ತುದಿ ಗುರಾಣಿಯಂತೆ ಮೊಂಡಾಗಿರುವ ನೆಲದೊಳಗಿನ ಹಾವುಗಳಲ್ಲಿ ಎಷ್ಟನ್ನೋ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಡೋಮ್ ವಿವರಿಸಿದ. ಇಂದಿಗೂ ಅವುಗಳಲ್ಲಿ ಕೆಲವಕ್ಕೆ ಒಳ್ಳೆಯ ಫೋಟೊ ಸಿಗುವುದು ಅಪರೂಪ. ಹಾವುರಾಣಿಯನ್ನು ಫೋಟೊಗಾಗಿ ಹುಡುಕಿ ಹೋದವರನ್ನು ನಾನು ಬಹಳ ಕಂಡಿಲ್ಲ.

ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಬಯಲುಸೀಮೆ. ಹುಲ್ಲುಗಾವಲಿನಲ್ಲಿ ಓಡಾಡುವ ಸಣ್ಣ ಓಫಿಸಾಪ್ಸ್ ಹಲ್ಲಿಗಳು ಐದಾರೇ ಪ್ರಭೇದ ಎಂದುಕೊಂಡಿದ್ದೆವು. 2017ರಲ್ಲಿ ಈಶಾನ್ ಅಗರ್ವಾಲ್ ಮತ್ತು ಉಮಾ ರಾಮಕೃಷ್ಣನ್ ನಡೆಸಿದ ವಂಶಾವಳಿಯ ಅಧ್ಯಯನ ಅವುಗಳ ಕವಲುಗಳು ಅದರ ಹಲವು ಪಟ್ಟು ಎಂದು ತೋರಿಸಿತು. ಗಂಟಲ ಬೀಸಣಿಗೆ ಬಿಚ್ಚುವ ಬಯಲಿನ ಓತಿಗಳ ಪೈಕಿ ಒಂದಕ್ಕೆ 2018ರಲ್ಲಿ ಗೋಕಾಕದ ಹೆಸರು ಬಂತು. ಅಂಥ ಬಯಲುಸೀಮೆಯ ಹುಲ್ಲುಬಯಲುಗಳನ್ನು ನಾವು ಇಂದಿಗೂ ಖಾಲಿ ಜಾಗವೆಂದೇ ಲೆಕ್ಕಕ್ಕೆ ಹಿಡಿಯುತ್ತೇವೆ. ಆಗುಂಬೆಗೆ ಮಳೆಗಾಲದಲ್ಲಿ ಕ್ಯಾಮೆರಾ ಹೊತ್ತು ಬರುವವರಲ್ಲಿ ಹತ್ತಕ್ಕೊಬ್ಬರಾದರೂ ಹಾವೇರಿ, ಗದಗ, ಚಿತ್ರದುರ್ಗದ ಕಡೆ ತಿರುಗಿದ್ದರೆ ಈ ನಕ್ಷೆ ಬೇರೆಯೇ ಆಗಿರುತ್ತಿತ್ತು.

ಹಾಗಾಗಿ ಈ ಮಳೆಗಾಲದಲ್ಲಿ ಕ್ಯಾಮೆರಾ ಎತ್ತಿಕೊಳ್ಳುವವರಲ್ಲಿ ಒಂದು ಕೋರಿಕೆ. ಮೊದಲ ದೊಡ್ಡ ಮಳೆಯ ರಾತ್ರಿ ನಿಮ್ಮೂರ ಕೆರೆಯ ಏರಿಗೇ ಹೋಗಿ, ಮುಳ್ಳುಕುರುಚಲಿನ ಬಯಲಿಗೇ ಹೋಗಿ. ಹಾವನ್ನು ಕೊಂಬೆಗೆ ಎತ್ತಿಡಬೇಡಿ, ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ. ಪಕ್ಕದ ನೋಟ, ಬೆನ್ನಿನ ನೋಟ, ಸಾಧ್ಯವಾದರೆ ಕಾಲ್ಬೆರಳು ಕಾಣುವ ಒಂದು ಚಿತ್ರ, ಅದು ಕೂತಿದ್ದ ಜಾಗದ ಇನ್ನೊಂದು ಚಿತ್ರ ತೆಗೆಯಿರಿ. ಕೂಗಿದರೆ ಮೊಬೈಲಿನಲ್ಲಿ ಒಂದು ನಿಮಿಷ ಕೂಗನ್ನು ಹಿಡಿಯಿರಿ. ತಾರೀಖು, ಊರು ಬರೆದಿಡಿ. ಅಪರೂಪದ ಪ್ರಾಣಿಯಾದರೆ ಕರಾರುವಾಕ್ಕು ಜಾಗವನ್ನು ಎಲ್ಲರಿಗೂ ಹಂಚಬೇಡಿ, ಹಿಡಿದು ಮಾರುವವರೂ ಅದನ್ನು ಓದುತ್ತಾರೆ. ಈ ದಾಖಲೆಯನ್ನು ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಿ.