ರಂಗಮಂದಿರಗಳ ಬೀದಿಗೆ ಬಂದ ಹೋಟೆಲು

ಹಿಂದೂಪುರದಲ್ಲಿ ರೈಲು ಹತ್ತಿದವರಿಗೂ, ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಕಡೆಯಿಂದ ಪಾವಗಡದ ದಾರಿ ಹಿಡಿದು ಬಸ್ಸಿನಲ್ಲಿ ಬಂದವರಿಗೂ ಬೆಂಗಳೂರಿನಲ್ಲಿ ಇಳಿಯುವ ಜಾಗ ಒಂದೇ ಆಗಿತ್ತು, ಮೆಜೆಸ್ಟಿಕ್ಕು. ಒಂದು ಮಗ್ಗುಲಲ್ಲಿ ರೈಲು ನಿಲ್ದಾಣ, ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ, ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಗಾಂಧಿನಗರ ಮತ್ತು ಕೆಂಪೇಗೌಡ ರಸ್ತೆ. ಸಾಗರ್, ಅಲಂಕಾರ್, ಹಿಮಾಲಯ, ಗೀತಾ, ಸ್ಟೇಟ್ಸ್, ಕೆಂಪೇಗೌಡ, ನರ್ತಕಿ, ಸಂತೋಷ್, ತ್ರಿವೇಣಿ, ಕಪಾಲಿ, ಮೇನಕಾ, ಅನುಪಮ: ಹೀಗೆ ಚಿತ್ರಮಂದಿರಗಳ ಹೆಸರು ಹೇಳುತ್ತ ನಡೆದರೆ ಬೀದಿಯೇ ಮುಗಿಯುತ್ತಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಅನಂತಪುರ ಜಿಲ್ಲೆಯ ಕನ್ನಡದ ಹಳ್ಳಿಗಳು ಆಡಳಿತದ ಲೆಕ್ಕದಲ್ಲಿ ಆ ಕಡೆ ಉಳಿದರೂ, ಕನ್ನಡದ ಆಟ ಎಲ್ಲಿ ಶುರುವಾಗುತ್ತದೆ, ಎಷ್ಟು ವಾರ ಓಡುತ್ತದೆ ಎಂಬುದನ್ನು ಅವರಿಗೂ ತೀರ್ಮಾನಿಸಿ ಹೇಳುತ್ತಿದ್ದದ್ದು ಈ ಬೀದಿಯೇ. ಈಗ ಈ ಹೆಸರುಗಳಲ್ಲಿ ಬಹಳಷ್ಟು ಅಳಿದಿವೆ. ಅವುಗಳ ಜಾಗದಲ್ಲಿ ಅಂಗಡಿ ಸಂಕೀರ್ಣ, ವಸತಿ ಹೋಟೆಲು, ಕಚೇರಿ ಕಟ್ಟಡಗಳಿವೆ. ಹೀಗಾದಾಗ ನಗರಗಳು ಕೊಡುವ ಸಮಾಧಾನ ಎಲ್ಲೆಡೆಯೂ ಒಂದೇ: ಹೋದಷ್ಟು ಆಸನಗಳನ್ನು ಹೊಸ ಕಟ್ಟಡದೊಳಗೇ ಮತ್ತೆ ಕೊಟ್ಟಿದ್ದೇವಲ್ಲ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ರಂಗಮಂದಿರಗಳ ಬೀದಿಯನ್ನು ಬದುಕಿಸುವುದು ಒಟ್ಟು ಆಸನಗಳಲ್ಲ. ಬೇರೆ ಬೇರೆ ಅಳತೆಯ, ಬೇರೆ ಬೇರೆ ಒಡೆಯರ, ಬೀದಿಗೆ ಬಾಗಿಲು ತೆರೆದ ಹಲವು ಮನೆಗಳು ಒತ್ತೊತ್ತಾಗಿ ಇರುವುದರಿಂದಲೇ ಅದು ಬದುಕುತ್ತದೆ.

ಹೋಟೆಲು ರಂಗಭೂಮಿಯ ಶತ್ರು ಎಂದು ಹೊರಟರೆ ಮಾತು ಮೊದಲೇ ದಾರಿ ತಪ್ಪುತ್ತದೆ. ನಮ್ಮಲ್ಲಿ ಇವೆರಡೂ ಜೊತೆಯಲ್ಲೇ ಬೆಳೆದಿವೆ. ವೃತ್ತಿ ನಾಟಕ ಕಂಪನಿ ಊರಿಗೆ ಬಂದು ಕ್ಯಾಂಪು ಹಾಕಿತೆಂದರೆ ತಿಂಗಳುಗಟ್ಟಲೆ ಹತ್ತಾರು ಸಂಸಾರಗಳಿಗೆ ಊಟ, ವಸತಿ ಬೇಕು. ರಾತ್ರಿ ಆಟ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಂದ ಬಂದ ಪ್ರೇಕ್ಷಕರಿಗೆ ತಿಂಡಿ ಬೇಕು, ಬೆಳಗಿನವರೆಗೆ ತಲೆಯೂರಲು ಜಾಗ ಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲಕ್ಕೆ ದೊಡ್ಡ ಪರಿವಾರವಾಗಿ ಬೆಳೆದು, 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅಂಥ ಪಡೆ ಬೀಡುಬಿಟ್ಟ ಕಡೆ ಖಾನಾವಳಿ, ಲಾಡ್ಜು, ಚಹಾದಂಗಡಿ ಏಳದೆ ಇರುವುದಿಲ್ಲ. ದಾವಣಗೆರೆಯ ಬೆಣ್ಣೆದೋಸೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬೆಳಗಾವಿ ಕಡೆಯ ಬಿಡಕಿಯಿಂದ 1928ರ ಸುಮಾರಿಗೆ ಬಂದ ಚೆನ್ನಮ್ಮ ದೋಸೆಯ ಹಂಚು ಇಟ್ಟದ್ದು ಸಾವಳಗಿ ನಾಟಕ ಥಿಯೇಟರಿನ ಎದುರಿಗೆ ಎಂದು ಆ ಊರು ಇಂದಿಗೂ ನೆನೆಯುತ್ತದೆ. ನಾಟಕ ನೋಡಲು ಬಂದ ಜನ ಆ ದೋಸೆಯನ್ನು ಬೆಳೆಸಿದರು. ಥಿಯೇಟರು ಹೋಯಿತು, ದೋಸೆ ಉಳಿಯಿತು. ಬೆಂಗಳೂರಿನಲ್ಲಿಯೂ ಹೀಗೆಯೇ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟಿನಲ್ಲಿ. ಮುಂದೆ ಆಟದ ಕೇಂದ್ರ ಪೇಟೆಯಿಂದ ಮೆಜೆಸ್ಟಿಕ್ಕಿಗೆ ಸರಿಯಿತು. ದೂರದೂರಿನವರು ಇಳಿಯುವ, ಉಣ್ಣುವ, ಮಲಗುವ ವ್ಯವಸ್ಥೆಯೆಲ್ಲ ನಿಲ್ದಾಣದ ಸುತ್ತ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಬಾಲ್ಕನಿ ಟಿಕೇಟಿನವನಿಗೂ ಗಾಂಧಿ ಕ್ಲಾಸಿನವನಿಗೂ ಅವರವರ ಜೇಬಿಗೆ ತಕ್ಕ ಹೋಟೆಲು ಆ ಬೀದಿಯಲ್ಲಿತ್ತು. ಹೋಟೆಲು ಬಂತೆಂಬುದಲ್ಲ ನಷ್ಟ. ಒಂದೇ ಹೋಟೆಲು ಹಲವು ಮನೆಗಳನ್ನು ನುಂಗಿ ಬಂದಾಗ ನಷ್ಟ ಶುರುವಾಗುತ್ತದೆ.

ಹಲವು ಮನೆಗಳು ಏಕೆ ಬೇಕು ಎಂಬುದಕ್ಕೆ ನಮ್ಮ ಗಡಿಸೀಮೆಯಲ್ಲೇ ಹಳೆಯ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳ್ಳಾರಿ ದೊಡ್ಡ ನಗರವೇನೂ ಅಲ್ಲ. ಆದರೂ ಅಲ್ಲಿ ಧರ್ಮಾವರಂ ರಾಮಕೃಷ್ಣಮಾಚಾರ್ಯುಲು ಅವರ ಸರಸ ವಿನೋದಿನಿ ಸಭೆಯೂ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆಯೂ ಏಕಕಾಲಕ್ಕೆ ನಾಟಕ ಆಡುತ್ತಿದ್ದವು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು, ಒಂದೇ ಊರಿನ ಎದುರಾಳಿಗಳು. ಒಬ್ಬರ ಒಲವು ಪುರಾಣ ಮತ್ತು ದುರಂತದ ಕಡೆಗೆ, ಇನ್ನೊಬ್ಬರದು ವಿಜಯನಗರದ ಪತನದಂಥ ಚರಿತ್ರೆಯ ವಸ್ತುಗಳ ಕಡೆಗೆ. ಎರಡು ಅಂಗಳಗಳ ಈ ಪೈಪೋಟಿಯಲ್ಲೇ ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವರು (1880–1946) ಪಳಗಿ, ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡುವ ನಟರಾದರು. ಎರಡು ಸಭೆಗಳನ್ನೂ ಸೇರಿಸಿ ಒಂದೇ ವಿಶಾಲ ಸಭಾಂಗಣ ಕಟ್ಟಿಕೊಟ್ಟಿದ್ದರೆ ಪ್ರೇಕ್ಷಕರ ಸಂಖ್ಯೆ ಕುಗ್ಗುತ್ತಿರಲಿಲ್ಲವೇನೋ. ಆದರೆ ಒಬ್ಬರು ಬೇಡವೆಂದ ನಾಟಕವನ್ನು ಇನ್ನೊಬ್ಬರು ಆಡುವ ಅವಕಾಶ ಅಲ್ಲಿಗೇ ನಿಲ್ಲುತ್ತಿತ್ತು.

ಈ ಮಾತನ್ನು ಅಳೆದು ನೋಡುವಷ್ಟು ಸ್ಪಷ್ಟವಾಗಿ ಕಾಣುವುದು ನ್ಯೂಯಾರ್ಕಿನಲ್ಲಿ. ಅಲ್ಲಿನ ಟೈಮ್ಸ್ ಸ್ಕ್ವೇರಿನ ಸುತ್ತ, ಬ್ರಾಡ್‌ವೇಯ ಅಡ್ಡರಸ್ತೆಗಳಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಿಂದ ರಂಗಮಂದಿರಗಳು ಒತ್ತಾಗಿ ಕಟ್ಟಲ್ಪಟ್ಟಿದ್ದವು. 1973ರಲ್ಲಿ ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ ಅಲ್ಲೊಂದು ಬೃಹತ್ ಹೋಟೆಲಿನ ಯೋಜನೆ ಮುಂದಿಟ್ಟರು. ಹಣ ಸಾಲದೆ ನಿಂತುಹೋಗಿದ್ದ ಅದನ್ನು ಮೇಯರ್ ಎಡ್ ಕಾಚ್ ಮತ್ತೆ ಮೇಲೆತ್ತಿದರು. ಅದಕ್ಕಾಗಿ ಮೊರೊಸ್ಕೊ, ಬಿಜೂ, ಹೆಲನ್ ಹೇಯ್ಸ್ ಎಂಬ ಮೂರು ನಾಟಕ ಮಂದಿರಗಳೂ, ಚಿತ್ರಮಂದಿರಗಳಾಗಿ ಮಾರ್ಪಟ್ಟಿದ್ದ ಆಸ್ಟರ್ ಮತ್ತು ಗೇಯ್ಟಿಗಳೂ ನೆಲಸಮವಾಗಬೇಕಿತ್ತು. ರಂಗಕರ್ಮಿಗಳು ಕೋರ್ಟಿಗೆ ಹೋದರು, ಮೊರೊಸ್ಕೊದ ಮುಂದೆ ದಿನವಿಡೀ ನಾಟಕ ಓದುತ್ತ ಕೂತರು. 1982ರ ಮಾರ್ಚ್ 22ರಂದು ಸುಪ್ರೀಂ ಕೋರ್ಟಿನ ತಡೆ ತೆರವಾದೊಡನೆ ಯಂತ್ರಗಳು ಗೋಡೆ ಒಡೆದವು. ನಿರ್ಮಾಪಕ ಜೋಸೆಫ್ ಪ್ಯಾಪ್ ಸೇರಿ ನೂರಕ್ಕೂ ಹೆಚ್ಚು ಜನ ಅಂದು ಬಂಧನಕ್ಕೊಳಗಾದರು. 1985ರಲ್ಲಿ ಸುಮಾರು 1,900 ಕೋಣೆಗಳ ಮ್ಯಾರಿಯಟ್ ಮಾರ್ಕ್ವಿಸ್ ಹೋಟೆಲು ಬಾಗಿಲು ತೆರೆಯಿತು. ಕೊಟ್ಟ ಮಾತಿನಂತೆ ಅದರೊಳಗೇ ಸುಮಾರು 1,600 ಆಸನಗಳ ಹೊಸ ರಂಗಮಂದಿರವೂ ಬಂದು, 1986ರಲ್ಲಿ ಅಲ್ಲಿ ಮೊದಲ ಆಟ ನಡೆಯಿತು.

ಆಸನಗಳ ಲೆಕ್ಕ ಹಾಗಿರಲಿ. ಆದರೆ ಹೋದ ಮನೆಗಳಲ್ಲಿ ಏನು ನಡೆದಿತ್ತು ಎಂದು ನೋಡಬೇಕು. ಸಾವಿರಕ್ಕೂ ಕಡಿಮೆ ಆಸನಗಳ ಮೊರೊಸ್ಕೊದಲ್ಲಿ 1920ರಲ್ಲಿ ಯುಜೀನ್ ಓನೀಲರ ‘ಬಿಯಾಂಡ್ ದಿ ಹೊರೈಜನ್’, 1949ರಲ್ಲಿ ಆರ್ಥರ್ ಮಿಲ್ಲರರ ‘ಡೆತ್ ಆಫ್ ಎ ಸೇಲ್ಸ್‌ಮನ್’, 1955ರಲ್ಲಿ ಟೆನೆಸೀ ವಿಲಿಯಮ್ಸರ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ಮೊದಲ ಬಾರಿ ಬ್ರಾಡ್‌ವೇಗೆ ಬಂದವು. 1956ರಲ್ಲಿ ಹೆಲನ್ ಹೇಯ್ಸ್‌ನಲ್ಲಿ ಓನೀಲರ ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’ ಬಂತು. ಇವೆಲ್ಲ ನಟನ ಉಸಿರು ಕೊನೆಯ ಸಾಲಿಗೂ ಕೇಳಬೇಕಾದ ಮಾತಿನ ನಾಟಕಗಳು. ಗಾಯನ, ಕುಣಿತ, ವಾದ್ಯಮೇಳದ ಅದ್ದೂರಿ ಆಟಗಳಿಗೆ 1,600 ಆಸನದ ಮಂದಿರ ಹೇಳಿ ಮಾಡಿಸಿದ್ದು. ಒಂದು ಮನೆಯ ಸಂಸಾರ ರಾತ್ರಿಯಿಡೀ ಪರಸ್ಪರ ಇರಿಯುವ ನಾಟಕಕ್ಕೆ ಅದು ಒಗ್ಗುವುದಿಲ್ಲ. ಅಷ್ಟು ಆಸನ ತುಂಬಿಸಲಾಗದ ನಾಟಕವನ್ನು ನಿರ್ಮಾಪಕ ಆರಿಸುವುದೂ ಇಲ್ಲ. ಅಳತೆ ಬದಲಾದರೆ ಏನು ಆಡಬಹುದು ಎಂಬುದೇ ಬದಲಾಗುತ್ತದೆ. ಇನ್ನೊಂದು ನಷ್ಟ ಬೀದಿಯದು. ಹೋಟೆಲಿನ ಪಡಸಾಲೆ ಇದ್ದದ್ದು ಎಂಟನೆಯ ಮಹಡಿಯಲ್ಲಿ, ರಂಗಮಂದಿರಕ್ಕೂ ಮಹಡಿ ಹತ್ತಿಯೇ ಹೋಗಬೇಕು. ಹಿಂದೆ ಬೀದಿಗೇ ತೆರೆದಿದ್ದ ಐದು ಬಾಗಿಲುಗಳ ಎದುರು ವಿರಾಮದ ಹೊತ್ತಿಗೆ ಸೇರುತ್ತಿದ್ದ ಜನ, ಒಂದು ಆಟಕ್ಕೆ ಟಿಕೇಟು ಸಿಗದೆ ಪಕ್ಕದ ಆಟಕ್ಕೆ ನುಗ್ಗುತ್ತಿದ್ದ ಜನ, ಆ ಗದ್ದಲದ ಮೇಲೆ ಬದುಕುತ್ತಿದ್ದ ಸಣ್ಣ ಅಂಗಡಿ, ಇವೆಲ್ಲ ಆ ಭಾಗದಿಂದ ಕಾಣೆಯಾದವು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಪ್ಪತ್ತರ ದಶಕದ ಟೈಮ್ಸ್ ಸ್ಕ್ವೇರು ಅಪರಾಧ, ಅಶ್ಲೀಲ ಚಿತ್ರಗಳ ವ್ಯಾಪಾರ ಹೆಚ್ಚಿ ಹಾಳಾಗಿತ್ತು. ನಗರ ದಿವಾಳಿಯ ಅಂಚಿಗೆ ಬಂದಿತ್ತು, ಎಷ್ಟೋ ಮಂದಿರಗಳು ತಿಂಗಳುಗಟ್ಟಲೆ ಕತ್ತಲಲ್ಲಿರುತ್ತಿದ್ದವು. ದೊಡ್ಡ ಹಣ ಹೂಡಿ ಬರುವ ಧೈರ್ಯ ಮಾಡಿದ್ದು ಆ ಹೋಟೆಲು, ಅದು ಬಾರದಿದ್ದರೆ ಉಳಿದ ಮಂದಿರಗಳೂ ಬೀಳುತ್ತಿದ್ದವು ಎಂದು ಹಲವರು ವಾದಿಸುತ್ತಾರೆ. ಹೋಟೆಲು ಪ್ರವಾಸಿಗರನ್ನು ತಂದದ್ದೂ, ಅವರು ನಾಟಕದ ಟಿಕೇಟು ಕೊಂಡದ್ದೂ ನಿಜ. ಆದರೆ ಹೋಟೆಲು ಬೇಕಿತ್ತು ಎಂಬುದರಿಂದ ಐದು ಮಂದಿರಗಳನ್ನು ಕೆಡವಲೇಬೇಕಿತ್ತು ಎಂಬುದು ಸಿದ್ಧವಾಗುವುದಿಲ್ಲ. ಹಳೆಯ ಮಂದಿರಗಳನ್ನು ಉಳಿಸಿಕೊಂಡು ಅವುಗಳ ಮೇಲಿನ ಅವಕಾಶದಲ್ಲಿ ಹೋಟೆಲು ಕಟ್ಟುವ ಪರ್ಯಾಯ ನಕ್ಷೆಯನ್ನು ವಿರೋಧಿಗಳು ಆಗಲೇ ಕೊಟ್ಟಿದ್ದರು, ಅದು ತಿರಸ್ಕೃತವಾಯಿತು. ಇನ್ನು ಆ ಪ್ರದೇಶಕ್ಕೆ ಜೀವ ಮರಳಿದ ಬಗೆಯನ್ನು ನೋಡಿದರೆ, 1903ರ ನ್ಯೂ ಆಮ್‌ಸ್ಟರ್‌ಡ್ಯಾಮ್ ಮಂದಿರ ಪಾಳುಬಿದ್ದಿದ್ದನ್ನು ಡಿಸ್ನಿ ಸಂಸ್ಥೆ ದುರಸ್ತಿ ಮಾಡಿಸಿ 1997ರಲ್ಲಿ ತೆರೆದದ್ದು ಅದರ ಮುಖ್ಯ ಘಟನೆಗಳಲ್ಲೊಂದು. ಹಳೆಯ ಮಂದಿರವೇ ಹೊಸ ಹಣವನ್ನು ಸೆಳೆಯಬಲ್ಲದು ಎಂಬುದು ಅಲ್ಲೇ, ಅದೇ ಬೀದಿಗಳಲ್ಲೇ ಸಾಬೀತಾಯಿತು. ನಗರಾಡಳಿತವೂ ಪಾಠ ಕಲಿತದ್ದರ ದಾಖಲೆ ಇದೆ. ಅದೇ 1982ರಲ್ಲಿ, ಪಟ್ಟಿಮಾಡಿದ ರಂಗಮಂದಿರಗಳನ್ನು ಕೆಡವಲು ವಿಶೇಷ ಅನುಮತಿ ಬೇಕೆಂಬ ನಿಯಮ ಬಂತು. 1987–88ರಲ್ಲಿ 28 ಮಂದಿರಗಳು ಸಂರಕ್ಷಿತ ಸ್ಮಾರಕಗಳಾದವು.

ಮೆಜೆಸ್ಟಿಕ್ಕಿನಲ್ಲಿ ಮಾರ್ಚ್ 22ರಂಥ ದಿನವೇ ಬರಲಿಲ್ಲ. ಒಂದೊಂದೇ ನಿವೇಶನ, ಒಬ್ಬೊಬ್ಬನೇ ಮಾಲೀಕ, ಒಂದೊಂದೇ ಬೋರ್ಡು ಇಳಿಯುತ್ತ ಹೋಯಿತು. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ ಬಂತು. ‘ಬಂಗಾರದ ಮನುಷ್ಯ’ 1972ರಿಂದ ಹಗಲಿರುಳು ಜನ ಸೇರಿಸಿದ ಸ್ಟೇಟ್ಸ್ ಭೂಮಿಕಾ ಎಂದು ಹೆಸರು ಬದಲಿಸಿಕೊಂಡಿತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ್ದ, 1,465 ಆಸನಗಳ ಕಪಾಲಿ 2017ರಲ್ಲಿ ಕೊನೆಯ ಆಟ ತೋರಿಸಿತು. ಕೂಗೆಬ್ಬಿಸಲು ಒಂದು ದಿನಾಂಕವೇ ಸಿಗದ ಇಂಥ ನಷ್ಟಕ್ಕೆ ಪ್ರತಿಭಟನೆ ಹುಟ್ಟುವುದು ಕಷ್ಟ, ಆದ್ದರಿಂದಲೇ ಇದು ಹೆಚ್ಚು ಅಪಾಯದ್ದು. ಬ್ರಾಡ್‌ವೇಯದು ನಾಟಕ, ಇವು ಸಿನಿಮಾ ಟಾಕೀಸುಗಳಲ್ಲವೇ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳಬಹುದು. ಕನ್ನಡದ ಮಟ್ಟಿಗೆ ಈ ಗೆರೆ ಅಷ್ಟು ಗಟ್ಟಿಯಲ್ಲ. ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯವರ ಪಾಲುದಾರಿಕೆಯ ಚಿತ್ರ. ಅದರ ನಾಯಕ ರಾಜಕುಮಾರ್, ಜೊತೆಗೆ ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲ ಕಂಪನಿ ನಾಟಕದ ನೆಲದಿಂದ ಬಂದವರು. ಗುಬ್ಬಿ ವೀರಣ್ಣ ರಂಗಮಂದಿರ ಗಾಂಧಿನಗರದಲ್ಲೇ ಇದೆ. ನಾಟಕ ನೋಡಿದ ಜನವೇ ಅದೇ ಬೀದಿಯಲ್ಲಿ ಸಿನಿಮಾ ನೋಡಿದರು, ಅದೇ ಹೋಟೆಲುಗಳಲ್ಲಿ ಉಂಡರು.

ಮಾಲೀಕರ ಕಷ್ಟದ ಆಕ್ಷೇಪ ಇನ್ನೂ ನ್ಯಾಯವಾದದ್ದು. ಕೆಂಪೇಗೌಡ ರಸ್ತೆಯಂಥ ಕಡೆ ನೆಲದ ಬೆಲೆ ಏರುತ್ತಿರುವಾಗ, ಖಾಲಿ ಕುರ್ಚಿಗಳ ಮಂದಿರವನ್ನು ಸಂಸ್ಕೃತಿಯ ಹೆಸರಿನಲ್ಲಿ ಒಬ್ಬನೇ ಹೊತ್ತು ನಡೆಯಲಿ ಎನ್ನುವುದು ಅನ್ಯಾಯ. ಮುಂಬಯಿಯ ಕಟ್ಟಡ ನಿಯಮ, ಹಳೆಯ ಚಿತ್ರಮಂದಿರ ಕೆಡವಿ ಕಟ್ಟುವವರು ಹಿಂದಿನ ಆಸನಗಳ ಒಂದು ಪಾಲನ್ನಾದರೂ ಹೊಸ ಕಟ್ಟಡದಲ್ಲಿ ಕೊಡಬೇಕೆನ್ನುತ್ತದೆ. ಸದುದ್ದೇಶದ್ದಾದರೂ ಇದು ಮತ್ತೆ ಆಸನದ ಲೆಕ್ಕವೇ, ಮಾಳಿಗೆಯ ಮೇಲಿನ ಪುಟ್ಟ ಮಲ್ಟಿಪ್ಲೆಕ್ಸಿನಿಂದ ಅದು ತೀರಿಹೋಗುತ್ತದೆ. ನ್ಯೂಯಾರ್ಕು 1998ರಲ್ಲಿ ಹಿಡಿದ ದಾರಿ ಹೆಚ್ಚು ಚಿಂತನೆಯದು. ರಂಗಮಂದಿರದ ಮೇಲೆ ಕಟ್ಟಬಹುದಾಗಿದ್ದೂ ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು, ಆ ರಂಗಪ್ರದೇಶದೊಳಗಿನ ಬೇರೆ ನಿವೇಶನದವರಿಗೆ ಮಾರಲು ಮಾಲೀಕನಿಗೆ ಬಿಡಲಾಯಿತು. ಪ್ರತಿಯಾಗಿ ಮಂದಿರವನ್ನು ಸುಸ್ಥಿತಿಯಲ್ಲಿಟ್ಟು ನಾಟಕಕ್ಕೇ ಬಳಸುವ ಕರಾರು ಅವನು ಬರೆದುಕೊಡಬೇಕು, ಕೊಂಡವನು ರಂಗಭೂಮಿಯ ನಿಧಿಗೆ ಒಂದಿಷ್ಟು ಕಟ್ಟಬೇಕು. ಹೀಗೆ ಹತ್ತಿರದಲ್ಲೇ ಎತ್ತರದ ಹೋಟೆಲು ಏಳಲು ಬೇಕಾದ ಹಕ್ಕಿನ ಹಣದಿಂದ ಹಳೆಯ ಮಂದಿರ ಉಳಿಯಬಹುದು. ಇಲ್ಲಿ ಹೋಟೆಲು ಮಂದಿರದ ನೆರೆಮನೆಯಾಗುತ್ತದೆ, ದಾವಣಗೆರೆಯಲ್ಲಿ, ಹಳೆಯ ಗಾಂಧಿನಗರದಲ್ಲಿ ಇದ್ದಂತೆ.

ಬೆಂಗಳೂರಿಗೆ ಈ ಉಪಕರಣ ಹೊಸತಲ್ಲ. ರಸ್ತೆ ಅಗಲೀಕರಣಕ್ಕೆ ನೆಲ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕಿನ ವರ್ಗಾವಣೆ, ಅಂದರೆ ಟಿಡಿಆರ್, ಕರ್ನಾಟಕದ ಕಾನೂನಿನಲ್ಲಿ ಈಗಾಗಲೇ ಇದೆ. ಅದರ ದುರ್ಬಳಕೆಯ ತನಿಖೆಗಳೂ ನಡೆದಿರುವುದರಿಂದ ಉಳಿಸಬೇಕಾದ ಮಂದಿರಗಳ ಪಾರದರ್ಶಕ ಪಟ್ಟಿಯಿಲ್ಲದೆ ಅದನ್ನು ಅವುಗಳಿಗೆ ವಿಸ್ತರಿಸುವುದು ಸರಿಯಲ್ಲ. ಆ ಪಟ್ಟಿ ಆಸನಗಳ ಸಂಖ್ಯೆಯಿಂದ ಶುರುವಾಗದೆ ಮಂದಿರಗಳ ಅಳತೆಯ ವೈವಿಧ್ಯದಿಂದ ಶುರುವಾಗಬೇಕು: ಯಾವುದು ಮುನ್ನೂರು ಜನರದು, ಯಾವುದು ಸಾವಿರದ್ದು, ಯಾವುದರ ಬಾಗಿಲು ಬೀದಿಗಿದೆ, ಯಾವುದನ್ನು ಮತ್ತೆ ನಾಟಕಕ್ಕೂ ಬಳಸಬಹುದು. 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರ ಮುನ್ನೂರರ ಆಸುಪಾಸಿನ ಆಸನಗಳಲ್ಲೇ ವರ್ಷವಿಡೀ ನಾಟಕ ನಡೆಸಬಹುದೆಂದು ತೋರಿಸಿದೆ. ಆದರೆ ಹಿಂದೂಪುರದ ರೈಲಿನಿಂದಲೋ ಪಾವಗಡದ ಬಸ್ಸಿನಿಂದಲೋ ಇಳಿದವರಿಗೆ ಅದು ಊರಿನ ಇನ್ನೊಂದು ತುದಿ. ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿ ನಾಟಕಕ್ಕೆಂದೇ ಉಳಿದಿರುವುದು ಗುಬ್ಬಿ ವೀರಣ್ಣನವರ ಹೆಸರಿನ ಮಂದಿರ. ಪಟ್ಟಿಯ ಮೊದಲ ಸಾಲು ಅದಾಗಬೇಕು, ಎರಡನೆಯ ಸಾಲಿಗೆ ಆ ಬೀದಿಯಲ್ಲಿ ಇನ್ನೂ ಪರದೆ ಬೆಳಗುತ್ತಿರುವ ಟಾಕೀಸುಗಳು.