ಸೆಪ್ಟೆಂಬರ್ ಹನ್ನೆರಡು: ಇಬ್ಬರು ಗವಾಯಿಗಳ ಪುಣ್ಯದಿನ

ಹಿರಿಯರ ನೆನಪಿನ ದಿನವನ್ನು ನಾವು ತಿಥಿಯಿಂದ ಹಿಡಿಯುತ್ತೇವೆ. ತಾರೀಖು ಬೇಕಾಗುವುದು ಶಾಲೆಗೆ, ಕಚೇರಿಗೆ, ಬಾನುಲಿಯ ಕಾರ್ಯಕ್ರಮ ಪತ್ರಿಕೆಗೆ. ತಿಥಿಯು ಚಂದ್ರನೊಡನೆ ಸರಿಯುತ್ತ ಹೋಗುತ್ತದೆ. ತಾರೀಖಾದರೋ ಗೋಡೆಗೆ ಹೊಡೆದ ಮೊಳೆಯಂತೆ ಇದ್ದಲ್ಲಿಯೇ ಇರುತ್ತದೆ. ಪಂಚಾಂಗದ ನೆರಳಿನಲ್ಲಿ ಬೆಳೆದ ನನಗೆ ತಾರೀಖಿನ ಮೇಲೆ ಅಷ್ಟೊಂದು ಮಮತೆ ಇರಲಿಲ್ಲ. ಅದರಲ್ಲಿಯೂ ಚರಿತ್ರೆಯ ಒಂದು ಪಾಠ ಅಡಗಿರಬಹುದೆಂದು ನನಗೆ ತೋರಿಸಿಕೊಟ್ಟವನು ನಮ್ಮ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿ.

ಆ ಹುಡುಗನಿಗೆ ಪಾಶ್ಚಾತ್ಯರ ರಾಕ್ ಸಂಗೀತದ ಹುಚ್ಚು. ಒಂದು ದಿನ ಅವನು ತನ್ನ ವಹಿಯಲ್ಲಿ ಬರೆದುಕೊಂಡ ಒಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದನು. ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ 'ಬೀಟಲ್ಸ್' ಎಂಬ ವಾದ್ಯಮೇಳದ ಬಾಳಿನಲ್ಲಿ ಫೆಬ್ರವರಿ ೯ನೆಯ ತಾರೀಖಿನಂದು ಏನೇನು ಆಯಿತೆಂಬುದು ಅದರಲ್ಲಿತ್ತು. ೧೯೬೧ರ ಫೆಬ್ರವರಿ ೯ರಂದು ಆ ತರುಣರು ತಮ್ಮ ಊರಿನಲ್ಲಿ 'ಕ್ಯಾವರ್ನ್' ಎಂಬ ನೆಲಮಾಳಿಗೆಯಲ್ಲಿ ಮಧ್ಯಾಹ್ನದ ಊಟದ ವೇಳೆಗೆ ನೆರೆದವರ ಮುಂದೆ ಹಾಡಿದರು. ಸರಿಯಾಗಿ ಮೂರು ವರುಷಕ್ಕೆ, ೧೯೬೪ರ ಫೆಬ್ರವರಿ ೯ರಂದು, ಅದೇ ಮೇಳ ಅಮೇರಿಕೆಯ ನ್ಯೂಯಾರ್ಕಿನಲ್ಲಿ ದೂರದರ್ಶನದ ಮುಂದೆ ನಿಂತು ಹಾಡಿದಾಗ ಸುಮಾರು ಏಳು ಕೋಟಿ ಮೂವತ್ತು ಲಕ್ಷ ಜನ ನೋಡಿದರು. ತಾರೀಖು ಒಂದೇ. ನೆಲಮಾಳಿಗೆಯಿಂದ ಇಡಿಯ ದೇಶದ ಪಡಸಾಲೆಗೆ ಮೂರೇ ವರುಷದ ಹಾದಿ! ಅಭಿಮಾನಿಗಳು ಇಂತಹ ದಿನಗಳನ್ನು ಹುಡುಕಿ ಹುಡುಕಿ ಬರೆದಿಡುತ್ತಾರಂತೆ.

"ಸರ, ನಮ್ಮ ಕಡೆ ಹಾಡೋರಿಗೆ ಹಿಂಗ ಒಂದ್ ತಾರೀಖು ಐತೇನ್ರಿ?" ಎಂದು ಅವನು ಕೇಳಿದನು.

ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದಾಗ ನೆನಪಾಯಿತು: ಐತಿ. ಸೆಪ್ಟೆಂಬರ್ ೧೨.

ಸವಾಯಿ ಗಂಧರ್ವರು ದಿವಂಗತರಾದದ್ದು ೧೯೫೨ರ ಸೆಪ್ಟೆಂಬರ್ ೧೨, ಶುಕ್ರವಾರ. ಮಲ್ಲಿಕಾರ್ಜುನ ಮನಸೂರರು ದಿವಂಗತರಾದದ್ದು ೧೯೯೨ರ ಸೆಪ್ಟೆಂಬರ್ ೧೨, ಶನಿವಾರ. ನಡುವೆ ಸರಿಯಾಗಿ ನಾಲ್ವತ್ತು ವರುಷ. ಪಂಚಾಂಗವನ್ನು ಕೇಳಿದರೆ ಅದು ಈ ನಂಟನ್ನು ಒಪ್ಪುವುದಿಲ್ಲ. ಮೊದಲನೆಯದು ಭಾದ್ರಪದ ಬಹುಳ, ಪಿತೃಪಕ್ಷದ ದಿನ. ಎರಡನೆಯದು ಭಾದ್ರಪದದ ಹುಣ್ಣಿಮೆಯ ಸುಮಾರು. ಕೂಡಿಸಿದ್ದು ತಾರೀಖು ಮಾತ್ರ. ಕಾಕತಾಳೀಯವೇ ಸರಿ. ಆದರೆ ಈ ಎರಡು ದಿನಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ, ನಮ್ಮ ಧಾರವಾಡ ಸೀಮೆಯ ಸಂಗೀತ ಹೇಗೆ ಕೈಯಿಂದ ಕೈಗೆ ದಾಟಿ ಬಂದಿತೆಂಬ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹಿರಿಯರ ಮಾತು. ರಾಮಚಂದ್ರ ಗಣೇಶ ಕುಂದಗೋಳಕರ, ಜನರ ಬಾಯಲ್ಲಿ ರಾಮಭಾವು, ಹುಟ್ಟಿದ್ದು ೧೮೮೬ರ ಜನೇವರಿ ೧೯ರಂದು. ಅವರ ಊರಾದ ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಉತ್ತರದೇಶದ ಕಿರಾಣಾ ಗ್ರಾಮದ ಖಾನಸಾಹೇಬ ಅಬ್ದುಲ್ ಕರೀಮಖಾನರು ಮಿರಜಿನಲ್ಲಿ ನೆಲೆ ಮಾಡಿಕೊಂಡು, ಮೈಸೂರಿನ ಅರಮನೆಯ ಆಮಂತ್ರಣದ ಮೇಲೆ ದಕ್ಷಿಣಕ್ಕೆ ಹೋಗಿಬರುವಾಗ ನಮ್ಮ ಸೀಮೆಯಲ್ಲಿ ಇಳಿದು ಹಾಡುತ್ತಿದ್ದರು. ಮಿರಜಿನಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾಯ್ದುಹೋಗುವ ರೇಲ್ವೆಯು ಸರಕನ್ನು ತಂದಂತೆಯೇ ಸಂಗೀತವನ್ನೂ ತಂದಿತೆಂದರೆ ತಪ್ಪಾಗಲಾರದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಖಾನಸಾಹೇಬರ ಬೈಠಕ್ಕು ನಡೆಯುತ್ತಿತ್ತು. ತರುಣ ರಾಮಭಾವು ಅವರ ಶಿಷ್ಯನಾಗಿ ಹಲವು ವರುಷ ತಾಲೀಮು ಪಡೆದನು.

ಆಮೇಲೆ ಆತ ಹೊಕ್ಕಿದ್ದು ನಾಟಕದ ಕಂಪನಿಯನ್ನು. ಗುರುಗಳಿಗೆ ಇದು ಸರಿಬರಲಿಲ್ಲ. ಆದರೆ ಮರಾಠೀ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿದ ರಾಮಭಾವುಗಳಿಗೆ ಜನ ಮರುಳಾದರು. ಆ ಕಾಲದಲ್ಲಿ ನಾಟಕರಂಗದ ಕಣ್ಮಣಿಯಾದ ನಾರಾಯಣರಾವ ರಾಜಹಂಸರಿಗೆ 'ಬಾಲಗಂಧರ್ವ' ಎಂಬ ಬಿರುದಿತ್ತು. ಈತ ಅವರಿಗಿಂತ ಕಾಲುಪಾಲು ಮೇಲು ಎಂಬ ಅರ್ಥದಲ್ಲಿ 'ಸವಾಯಿ ಗಂಧರ್ವ' ಎಂಬ ಹೆಸರು ಬಂದಿತು. ಸವಾಯಿ ಎಂದರೆ ಒಂದೂಕಾಲು. ಬಿರುದೇ ಹೆಸರಾಗಿ ನಿಂತಿತು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಹೆಸರಾಂತ ನಟಗಾಯಕರೆಂದು ನಾವು ಬರೆದಿಟ್ಟು ಸುಮ್ಮನಾಗಬಹುದಿತ್ತು. ಅವರ ನಿಜವಾದ ದೊಡ್ಡತನ ಕಂಡದ್ದು ಕುಂದಗೋಳಕ್ಕೆ ತಿರುಗಿ ಬಂದು ಶಿಷ್ಯರನ್ನು ಕೂಡಿಸಿಕೊಂಡ ಮೇಲೆ. ಗಾನದ ಹುಚ್ಚಿನಿಂದ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಉತ್ತರದೇಶವನ್ನೆಲ್ಲ ಅಲೆದು ಬಂದ ಗದಗಿನ ಹುಡುಗ ಭೀಮಸೇನ ಜೋಶಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ೧೯೩೬ರಲ್ಲಿ, ಕುಂದಗೋಳದಲ್ಲಿ. ಅವನು ಗುರುಮನೆಯಲ್ಲಿ ನೀರು ಹೊತ್ತು, ಕೆಲಸ ಮಾಡಿ, ಕೇಳಿ ಕೇಳಿ ಕಲಿತನು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೇಲ್ವೆಯಲ್ಲಿ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಅವರನ್ನು ಸ್ಟೇಶನ್ನಿನ ವರೆಗೆ ಮುಟ್ಟಿಸಿ ಬರುವ ಕೆಲಸ ಭೀಮಸೇನನದು. ಫಿರೋಜ ದಸ್ತೂರರೂ ಇದೇ ಗುರುವಿನ ಶಿಷ್ಯರು. ಗುರುವಿಗೆ ಪಾರ್ಶ್ವವಾಯು ಬಡಿದು ಹಾಡುಗಾರಿಕೆ ನಿಂತುಹೋಯಿತು. ಗಾಯಕನಿಗೆ ಇದಕ್ಕಿಂತ ದೊಡ್ಡ ದುಃಖವುಂಟೆ? ಆದರೆ ಆ ಹೊತ್ತಿಗೆ ಅವರ ವಿದ್ಯೆ ಶಿಷ್ಯರ ಗಂಟಲಿಗೆ ಇಳಿದಾಗಿತ್ತು. ೧೯೪೬ರ ಜನೇವರಿಯಲ್ಲಿ ಪುಣೆಯಲ್ಲಿ ನಡೆದ ಗುರುವಿನ ಅರವತ್ತರ ಸಮಾರಂಭದಲ್ಲಿ ಭೀಮಸೇನರು ಹಾಡಿದ್ದು ಜನರ ಕಣ್ಣು ತೆರೆಯಿಸಿತು.

೧೯೫೨ರ ಆ ಶುಕ್ರವಾರ ಅರವತ್ತಾರು ವರುಷದ ಗುರು ಪುಣೆಯಲ್ಲಿ ಕಣ್ಣು ಮುಚ್ಚಿದರು. ಮರುವರುಷವೇ ಭೀಮಸೇನರು ಮುಂದೆ ನಿಂತು ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ದೇಶದ ಹೆಸರಾಂತ ಕಲಾವಿದರು ಅಲ್ಲಿ ಬಂದು ಹಾಡಿದರು, ನುಡಿಸಿದರು. ಕಡೆಗೆ ಕುಳಿತು ಉತ್ಸವಕ್ಕೆ ಮಂಗಳ ಹಾಡುವುದು ಭೀಮಸೇನರ ಪಾಲಿಗೆ ಇರುತ್ತಿತ್ತು. ೨೦೦೮ರಲ್ಲಿ ಭಾರತರತ್ನರಾದ ಅವರು ೨೦೧೧ರ ಜನೇವರಿ ೨೪ರಂದು ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು. ಇತ್ತ ಕುಂದಗೋಳದಲ್ಲಿಯೂ ಅದೇ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ರಾತ್ರಿಯಿಂದ ಬೆಳಗಿನ ವರೆಗೆ ಹಾಡುವ ಸಂಪ್ರದಾಯ ಬೆಳೆದುಬಂದಿದೆ.

ಇನ್ನು ಎರಡನೆಯ ಸೆಪ್ಟೆಂಬರ್ ೧೨ರ ಕಥೆ. ಧಾರವಾಡದ ಮಗ್ಗುಲಿನ ಮನಸೂರಿನ ಒಕ್ಕಲುತನದ ಮನೆಯಲ್ಲಿ ೧೯೧೦ರ ದಶಂಬರ ೩೧ರಂದು ಮಲ್ಲಿಕಾರ್ಜುನ ಹುಟ್ಟಿದರು. ತಂದೆ ಭೀಮರಾಯಪ್ಪನವರಿಗೆ ನಾಟಕದ ಪ್ರೀತಿ. ಅಣ್ಣ ಬಸವರಾಜರದು ನಾಟಕದ ಮೇಳ. ಚಿಕ್ಕ ವಯಸ್ಸಿನಲ್ಲಿಯೇ ರಂಗ ಹತ್ತಿದ ಬಾಲಕನ ಕಂಠವನ್ನು ಕೇಳಿ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತವನ್ನು ಹೇಳಿಕೊಟ್ಟರು. ಬಳಿಕ ಮಿರಜಿನಲ್ಲಿ ಗ್ವಾಲಿಯರ ಘರಾಣೆಯ ನೀಲಕಂಠಬುವಾ ಆಲೂರಮಠರ ಪಾಠ. ಅನಂತರ ಅಲ್ಲಾದಿಯಾಖಾನರ ಮಗ ಮಂಜೀಖಾನರು ಜಯಪುರ-ಅತ್ರೌಲಿ ಘರಾಣೆಯ ಬಾಗಿಲು ತೆರೆದರು. ಮಂಜೀಖಾನರು ೧೯೩೭ರಲ್ಲಿಯೇ ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರು ಶಿಷ್ಯನ ಕೈ ಹಿಡಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಮ್ಮ ಇಬ್ಬರು ಗವಾಯಿಗಳಿಗೂ ಮೊದಲ ಪೀಠವಾದದ್ದು ನಾಟಕದ ರಂಗ. ನವಿಲುತೀರ್ಥದ ಆಸುಪಾಸಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ೧೯೧೪ರಲ್ಲಿ ಹುಟ್ಟಿ, ಊರಿನಿಂದ ಊರಿಗೆ ಕಂಪನಿ ಕಟ್ಟಿಕೊಂಡು ತಿರುಗಿ, ಹಾಡಿ, ಅಭಿನಯಿಸಿ, ೨೦೧೭ರ ಆಗಸ್ಟ್ ೧೮ರಂದು ನೂರು ದಾಟಿದ ಮುಪ್ಪಿನಲ್ಲಿ ನಮ್ಮನ್ನು ಅಗಲಿದರು. ರಂಗಗೀತೆಗೆ ಕಿವಿಗೊಟ್ಟು ರಾಗದ ರುಚಿ ಹತ್ತಿದ ಜನವೇ ಖ್ಯಾಲಿನ ಬೈಠಕ್ಕಿಗೂ ಶ್ರೋತೃಗಳಾದರು. ಹಾಡುವವರಿಗೂ ಕೇಳುವವರಿಗೂ ಕಂಪನಿಯೇ ಅಕ್ಷರಾಭ್ಯಾಸದ ಶಾಲೆ.

ಸವಾಯಿ ಗಂಧರ್ವರಿಗೆ ಕೀರ್ತಿ ಬೇಗ ಬಂದಿತು, ಕಂಠ ಬೇಗ ಹೋಯಿತು. ಮನಸೂರರದು ಇದಕ್ಕೆ ತಿರುವುಮುರುವು. ಅವರು ಹಾಡುತ್ತಿದ್ದುದು ಬಿಗಿಯಾದ, ಸುಲಭಕ್ಕೆ ಒಲಿಯದ ಗಾಯನ. ಶುದ್ಧನಟ, ಖಟ, ಬಹಾದುರಿ ತೋಡಿ, ಶಿವಮತಭೈರವ ಮೊದಲಾದ ಅಪರೂಪದ ರಾಗಗಳು ಅವರಲ್ಲಿ ಮನೆಮಾತು. ಧಾರವಾಡವನ್ನು ಬಿಟ್ಟು ಅವರು ನೆಲೆ ಬದಲಿಸಲಿಲ್ಲ. ೧೯೫೦ರ ಜನೇವರಿ ೮ರಂದು ಆರಂಭವಾದ ಧಾರವಾಡದ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ ದುಡಿದರು. ದೊಡ್ಡ ಮನ್ನಣೆ ಅವರನ್ನು ಹುಡುಕಿಕೊಂಡು ಬಂದದ್ದು ಅರವತ್ತರ ಹೊಸ್ತಿಲಿಗೆ: ೧೯೭೦ರಲ್ಲಿ ಪದ್ಮಶ್ರೀ, ೧೯೭೬ರಲ್ಲಿ ಪದ್ಮಭೂಷಣ, ೧೯೯೨ರಲ್ಲಿ ಪದ್ಮವಿಭೂಷಣ. ಎಪ್ಪತ್ತರ ಮೇಲೆಯೂ ಅವರ ದನಿ ಬಿಸಿ ಕಳೆದುಕೊಳ್ಳಲಿಲ್ಲ. ಶರಣರ ವಚನಗಳನ್ನು ಅವರು ಹಾಡಿದಾಗ ಸಂಗೀತದ ಗಂಧ ಅರಿಯದವರೂ ಕೈಯ ಕೆಲಸ ಬಿಟ್ಟು ರೇಡಿಯೋದ ಹತ್ತಿರ ಬಂದು ನಿಲ್ಲುತ್ತಿದ್ದರು. ತಮ್ಮ ಬಾಳಿನ ಕಥೆಯನ್ನು ಅವರೇ 'ನನ್ನ ರಸಯಾತ್ರೆ' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ.

೧೯೯೨ ನಮ್ಮ ಸೀಮೆಗೆ ಕಠಿಣವಾದ ವರುಷ. ಜನೇವರಿ ೧೨ರಂದು ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ದೂರದ ದೇವಾಸದಲ್ಲಿ ತೀರಿಕೊಂಡರು. ಎಂಟು ತಿಂಗಳಿಗೆ, ಸೆಪ್ಟೆಂಬರ್ ೧೨ರಂದು, ಮನಸೂರರು ಹೋದರು. ಅವರಿಗೆ ಆಗ ಎಂಬತ್ತೊಂದು. ಅವರ ಧಾರವಾಡದ ಮನೆಯ ಹೆಸರು 'ಮೃತ್ಯುಂಜಯ'. ಅವರು ನಂಬಿದ ಮುರುಘಾಮಠದ ಸ್ವಾಮಿಗಳ ಹೆಸರು ಅದು. ಆಗ ಕಾಲೇಜಿನಲ್ಲಿ ಓದುತ್ತಿದ್ದ ನನಗೆ ಸುದ್ದಿ ತಿಳಿದದ್ದು ಬಾನುಲಿಯಿಂದ. ಸುದ್ದಿ ಮುಗಿದ ಬಳಿಕ ನಮ್ಮ ತಂದೆಯವರು ಒಂದು ಮಾತನ್ನೂ ಆಡದೆ ಎದ್ದು ದೇವರ ಮುಂದೆ ದೀಪ ಹಚ್ಚಿದರು. ಅವರು ಮನಸೂರರನ್ನು ಕಣ್ಣಿನಿಂದ ಕಂಡವರಲ್ಲ. ಕಿವಿಯಿಂದ ಬಲ್ಲವರು.

ಇಬ್ಬರೂ ಬಿಟ್ಟುಹೋದ ದನಿಯ ಲೆಕ್ಕ ಬೇರೆ ಬೇರೆ. ಸವಾಯಿ ಗಂಧರ್ವರ ಹಾಡು ಉಳಿದದ್ದು ಮುಖ್ಯವಾಗಿ ಹಳೆಯ ಗ್ರಾಮೋಫೋನ್ ತಟ್ಟೆಗಳಲ್ಲಿ. ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು. ಗಂಟೆ ಹೊತ್ತು ಅರಳಬೇಕಾದ ರಾಗವನ್ನು ಅಷ್ಟರಲ್ಲಿ ಮುದುಡಿ ಇಡಬೇಕು. ಅವರ ಪೂರ್ಣ ಸ್ವರೂಪವನ್ನು ನಾವು ಊಹಿಸಬೇಕಾದದ್ದು ಗಂಗೂಬಾಯಿಯವರ, ಭೀಮಸೇನರ ಗಾಯನದಿಂದಲೇ. ಮನಸೂರರ ಹಾಡುಗಾರಿಕೆಯಾದರೋ ಗಂಟೆಗಟ್ಟಲೆ ಮುದ್ರಿತವಾಗಿ ಉಳಿದಿದೆ. ಒಬ್ಬರನ್ನು ಶಿಷ್ಯರು ಕಾಪಾಡಿದರು. ಇನ್ನೊಬ್ಬರನ್ನು ಶಿಷ್ಯರ ಜೊತೆಗೆ ಯಂತ್ರವೂ ಕಾಪಾಡಿತು. ನಾಲ್ವತ್ತು ವರುಷಗಳಲ್ಲಿ ಆದ ಬದಲಾವಣೆ ಇದು. ಅದರಲ್ಲಿ ಬಾನುಲಿಯ ಪಾಲೂ ಸಣ್ಣದಲ್ಲ.

ಮರುವಾರ ನಾನು ಆ ಹುಡುಗನನ್ನು ಕರೆದು ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರದು ಗೆದ್ದ ದಿನ ಅದಾವ್ರಿ ಸರ. ನಮ್ಮವು ಸತ್ತ ದಿನ" ಎಂದನು. ಮಾತು ನಿಜ. ಬೀಟಲ್ಸರ ಫೆಬ್ರವರಿ ೯ ಏರಿಕೆಯ ದಿನ. ೧೯೭೦ರಲ್ಲಿ ಆ ಮೇಳ ಒಡೆದು ಬೇರೆಯಾಯಿತು. ಹಾಡು ತಟ್ಟೆಗಳಲ್ಲಿ ಉಳಿಯಿತು. ನಮ್ಮ ಗವಾಯಿಗಳ ಮೊದಲ ಬೈಠಕ್ಕಿನ ತಾರೀಖನ್ನು ನೆನಪಿಟ್ಟು ಹಬ್ಬ ಮಾಡಿದವರಿಲ್ಲ. ನಾವು ನೆನೆಯುವುದು ಗುರು ಹೋದ ದಿನವನ್ನು. ನೆನೆಯುವ ಬಗೆ ಅಳುವುದಲ್ಲ, ಹಾಡುವುದು. ಗುರುವಿನ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತವನು ಆ ದಿನ ಮುಂದೆ ಬಂದು ಕೂಡುತ್ತಾನೆ. ಅವನ ಹಿಂದೆ ಇನ್ನೊಬ್ಬ ತಂಬೂರಿ ಹಿಡಿಯುತ್ತಾನೆ. ಹಾಗೆ ನೋಡಿದರೆ ಇದೂ ಒಂದು ಮೇಳವೇ; ಅದರ ಜನ ಒಂದೇ ಕಾಲದಲ್ಲಿ ಇರುವುದಿಲ್ಲ, ಅಷ್ಟೆ.

ಹುಡುಗ ಒಪ್ಪಿದನೋ ಇಲ್ಲವೋ ತಿಳಿಯದು. ಆದರೆ ತನ್ನ ವಹಿಯಲ್ಲಿ ಫೆಬ್ರವರಿ ೯ರ ಕೆಳಗೆ ಸೆಪ್ಟೆಂಬರ್ ೧೨ ಎಂದು ಬರೆದುಕೊಂಡದ್ದನ್ನು ನಾನು ನೋಡಿದೆ. ವಾಚಕರೂ ತಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ಅಂಕಿಗೆ ಒಂದು ಗುರುತು ಮಾಡಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಆ ದಿನ ಕುಂದಗೋಳದ ಗುರುವಿನ ಮೂರು ನಿಮಿಷದ ಒಂದು ತಟ್ಟೆಯನ್ನು ಕೇಳಿ, ಬಳಿಕ ಮನಸೂರರ ಒಂದು ದೀರ್ಘವಾದ ರಾಗವನ್ನು ಕೇಳಿರಿ. ಮನೆಯ ಮಕ್ಕಳೂ ಹತ್ತಿರ ಕುಳಿತಿರಲಿ.